ಮಂಚ ಸಾಗುವಷ್ಟು ದಾರಿ: ಹಾಸ್ಪೈಸ್ ಕೈತೋಟದ ಬಗ್ಗೆ ಓದುಗರ ಪ್ರಶ್ನೆಗಳು

ಕಾಯಿಲೆ ವಾಸಿಯಾಗುವ ಹಂತ ದಾಟಿದವರನ್ನು ನೋವಿಲ್ಲದಂತೆ ನೋಡಿಕೊಳ್ಳುವ ಮನೆಗಳು ಹಾಸ್ಪೈಸ್‌ಗಳು. ಅಂಥ ಕಡೆ ಸ್ವಯಂಸೇವಕರು ಸೇರಿ ಮೂಸುವ, ಮುಟ್ಟುವ, ಕೇಳುವ, ನೋಡುವ ತೋಟ ಮಾಡುವುದು ಹೇಗೆ ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದೇ ತೆರನ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮೂರಿನ ಹನ್ನೆರಡು ಹಾಸಿಗೆಗಳ ಹಾಸ್ಪೈಸ್‌ನ ಹಿಂದೆ 30 ಅಡಿಗೆ 40 ಅಡಿ ಜಾಗ ಖಾಲಿ ಇದೆ. ನಾವು ಇಪ್ಪತ್ತು ಜನ ಸ್ವಯಂಸೇವಕರು. ಗಿಡಗಳ ಪಟ್ಟಿ ತಯಾರಾಗಿದೆ. ಎಲ್ಲಿಂದ ಶುರು ಮಾಡಬೇಕು? (ತುಮಕೂರು)

ಪಟ್ಟಿಯನ್ನು ಸದ್ಯ ಪಕ್ಕಕ್ಕಿಡಿ. ಮೊದಲು ದಾದಿಯರ ಜೊತೆ ಕೂತು ಒಂದು ಲೆಕ್ಕ ಹಾಕಿ: ಈ ತಿಂಗಳು ಒಳಗಿರುವವರಲ್ಲಿ ನಡೆಯುವವರು ಎಷ್ಟು, ಗಾಲಿಕುರ್ಚಿಯವರು ಎಷ್ಟು, ಮಂಚ ಬಿಟ್ಟು ಏಳಲಾರದವರು ಎಷ್ಟು? ಸಾಮಾನ್ಯವಾಗಿ ಮೂರನೆಯ ಗುಂಪೇ ದೊಡ್ಡದು. ಅವರು ತೋಟಕ್ಕೆ ಬರುವುದೆಂದರೆ ಮಂಚವೇ ತೋಟಕ್ಕೆ ಬರಬೇಕು. ಉದ್ಯಾನಗಳ ಬಗೆಗಿನ ಹೆಚ್ಚಿನ ಸಲಹೆಗಳು ಗಾಲಿಕುರ್ಚಿಗೆ ನಿಂತುಬಿಡುತ್ತವೆ. ಹಾಸ್ಪೈಸ್‌ಗೆ ಅದು ಸಾಲದು.

ಪಕ್ಕದ ಕಂಬಿಗಳೂ ಸೇರಿ ಆಸ್ಪತ್ರೆ ಮಂಚ ಸುಮಾರು 1 ಮೀಟರ್ ಅಗಲ, 2.2 ಮೀಟರ್ ಉದ್ದ ಇರುತ್ತದೆ. ತಳ್ಳುವವರೊಬ್ಬರು, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದವರೊಬ್ಬರು ಇರುತ್ತಾರೆ. ಹಾಗಾಗಿ ದಾರಿ 1.8 ಮೀಟರ್ ಅಗಲ ಇರಲಿ. ತಿರುವಿನಲ್ಲಿ 2.5 ಮೀಟರ್ ಬಿಡಿ. ತೋಟಕ್ಕೆ ತೆರೆಯುವ ಬಾಗಿಲಲ್ಲಿ 1.2 ಮೀಟರ್ ನಿವ್ವಳ ಜಾಗ ಬೇಕು. ಹೊಸಿಲು 12 ಮಿಲಿಮೀಟರ್‌ಗಿಂತ ಎತ್ತರ ಇದ್ದರೆ ಮಂಚದ ಸಣ್ಣ ಗಾಲಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಗಾಲಿಕುರ್ಚಿಯ ಇಳಿಜಾರಿಗೆ 1:12 ಎಂದು ಎಲ್ಲರೂ ಹೇಳುತ್ತಾರೆ. ಅದು ಗರಿಷ್ಠ ಮಿತಿ, ಗುರಿಯಲ್ಲ. ಒಬ್ಬ ಆಯಾ ಮಂಚವನ್ನು ವಾಪಸ್ ಮೇಲಕ್ಕೆ ತಳ್ಳಬೇಕಾದರೆ 1:20 ಇರಬೇಕು. ಅಂದರೆ 30 ಸೆಂಟಿಮೀಟರ್ ಏರಿಕೆಗೆ 6 ಮೀಟರ್ ಉದ್ದ.

ನಿಮ್ಮ ಜಾಗ ಸುಮಾರು 9 ಮೀಟರ್‌ಗೆ 12 ಮೀಟರ್. ಅದರಲ್ಲಿ ಸುತ್ತು ದಾರಿ ಹಾಕಿದರೆ ಗಿಡಕ್ಕೆ ಏನೂ ಉಳಿಯದು. ಒಂದೇ ನೇರ ದಾರಿ, ಕೊನೆಯಲ್ಲಿ 4.5 ಮೀಟರ್‌ಗೆ 3 ಮೀಟರ್‌ನ ಅಂಗಳ ಮಾಡಿ. ಎರಡು ಮಂಚ ಅಕ್ಕಪಕ್ಕ ನಿಂತು, ನಡುವೆ ಮನೆಯವರ ಕುರ್ಚಿ ಹಿಡಿಸುತ್ತದೆ. ಮಂಚ ತಿರುಗಿಸುವುದೂ ಅಲ್ಲೇ.

ಆಮೇಲೆ ನಿಮ್ಮಲ್ಲೊಬ್ಬರು ಮಂಚದ ಮೇಲೆ ಅಂಗಾತ ಮಲಗಿ ಆ ಅಂಗಳಕ್ಕೆ ಹೋಗಿ ಬರಲಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಿಂತವರಿಗೆ ಕಾಣುವ ಹೂವಿನ ಮಡಿ ಮಲಗಿದವರಿಗೆ ಕಾಣುವುದೇ ಇಲ್ಲ. ಅವರಿಗೆ ಕಾಣುವುದು ಆಕಾಶ, ಎಲೆಗಳ ಕೆಳಮೈ, ಕಣ್ಣಿಗೆ ಹೊಡೆಯುವ ಬಿಸಿಲು. ಆದ್ದರಿಂದ ಅಂಗಳದ ಮೇಲೆ 2.4 ಮೀಟರ್ ಎತ್ತರದ ಚಪ್ಪರ ಹಾಕಿ, ಬಳ್ಳಿ ಹಬ್ಬಿಸಿ. ಶಂಖಪುಷ್ಪ ಎರಡು ಮೂರು ತಿಂಗಳಲ್ಲಿ ತುಂಬುತ್ತದೆ. ಬೆಳಗಿನ ಹೊತ್ತು ಮಂಚದ ತಲೆಭಾಗ ಪೂರ್ವಕ್ಕೆ ಬರುವಂತೆ ನಿಲ್ಲಿಸಿದರೆ ಬಿಸಿಲು ಮುಖಕ್ಕೆ ಹೊಡೆಯದೆ ಮೈಗೆ ತಾಗುತ್ತದೆ. ಕೆಲವು ಔಷಧಿಗಳಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಹಾಗಾಗಿ ಹನ್ನೊಂದರಿಂದ ನಾಲ್ಕರವರೆಗೆ ಅಂಗಳದಲ್ಲಿ ಪೂರ್ತಿ ನೆರಳು ಇರಬೇಕು.

ಇಷ್ಟು ಗಟ್ಟಿಯಾದ ಮೇಲೆ ಪಟ್ಟಿ ತೆಗೆಯಿರಿ. ಅದರಲ್ಲಿ ಅರ್ಧದಷ್ಟು ತಾನಾಗಿ ಬಿದ್ದುಹೋಗುತ್ತದೆ.

ಪ್ರಶ್ನೆ: ದಾರಿಗೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿಕೊಡಲು ದಾನಿಯೊಬ್ಬರು ಮುಂದೆ ಬಂದಿದ್ದಾರೆ. ನಮ್ಮದು ಎರೆಮಣ್ಣು. (ಹುಬ್ಬಳ್ಳಿ)

ದಾನಿಗೆ ಕೈಮುಗಿದು ಕಾಂಕ್ರೀಟಿಗೆ ಒಪ್ಪಿಸಿ. ಇಂಟರ್‌ಲಾಕ್ ಇಟ್ಟಿಗೆಗಳ ಅಂಚು ಕತ್ತರಿಸಿರುತ್ತದೆ. ಪ್ರತಿ ಸಂದಿಯಲ್ಲೂ ಮಂಚ ಗಡಗಡ ಎನ್ನುತ್ತದೆ. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಆ ಒಂದೊಂದು ಅದುರೂ ಚುಚ್ಚಿದ ಹಾಗೆ. ಒಮ್ಮೆ ಹಾಗಾದರೆ ಅವರು ಎರಡನೇ ಸಲ ಹೊರಗೆ ಬರಲು ಒಪ್ಪುವುದಿಲ್ಲ. ಜಲ್ಲಿ, ಉರುಟು ಕಲ್ಲು, ನಡುವೆ ಹುಲ್ಲು ಬಿಟ್ಟ ಚಪ್ಪಡಿ ಇವೂ ಬೇಡ. ಶಹಾಬಾದ್ ಕಲ್ಲು ಮಳೆಯಲ್ಲಿ ಜಾರುತ್ತದೆ. ನಯವಾದ ಗ್ರಾನೈಟ್ ಜಾರುವುದರ ಜೊತೆಗೆ ಕಣ್ಣಿಗೂ ಹೊಡೆಯುತ್ತದೆ.

ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ನೇರ ಅದರ ಮೇಲೆ ಹಾಕಿದ ಕಾಂಕ್ರೀಟು ಮೊದಲ ವರ್ಷವೇ ಸೀಳಬಹುದು. 45 ಸೆಂಟಿಮೀಟರ್ ಮಣ್ಣು ತೆಗೆದು ಗರಸು ತುಂಬಿ. 15 ಸೆಂಟಿಮೀಟರ್‌ಗೊಂದು ಪದರದಂತೆ ನೀರು ಹಾಕಿ ದಮ್ಮಸ್ಸು ಮಾಡಿ. ಅದರ ಮೇಲೆ 10 ಸೆಂಟಿಮೀಟರ್ ಕಾಂಕ್ರೀಟ್ ಹಾಕಿ, ಹಸಿ ಇರುವಾಗಲೇ ಗಟ್ಟಿ ಪೊರಕೆಯಿಂದ ಅಡ್ಡಡ್ಡ ಎಳೆದರೆ ಜಾರದ ಮೈ ಬರುತ್ತದೆ. ಎರಡೂವರೆ ಮೀಟರ್‌ಗೊಂದು ಕಿರಿದಾದ ಸಂದಿ ಕೊಯ್ದು ಮೇಣ ತುಂಬಿ. ಸಂದಿಯ ಅಗಲ 5 ಮಿಲಿಮೀಟರ್ ದಾಟಿದರೆ ಗಾಲಿ ಅದುರುತ್ತದೆ. ನೀರು ಹರಿಯಲು ಅಡ್ಡ ಇಳಿಜಾರು 1:50 ಸಾಕು, ಹೆಚ್ಚಾದರೆ ಮಂಚ ಒಂದೇ ಕಡೆ ಎಳೆಯುತ್ತದೆ. ಬಿಳಿ ಕಾಂಕ್ರೀಟಿನ ಝಳ ತಪ್ಪಿಸಲು ಕೆಂಪು ಆಕ್ಸೈಡ್ ಬೆರೆಸಿ. ದಾರಿಯ ಅಂಚಿನಿಂದ 1 ಮೀಟರ್ ಒಳಗೆ ಹನಿ ನೀರಾವರಿ ಕೊಳವೆ ಹಾಯಿಸಬೇಡಿ. ಎರೆಮಣ್ಣು ಒಂದು ಬದಿ ನೆನೆದು ಇನ್ನೊಂದು ಬದಿ ಒಣಗಿದರೆ ದಾರಿ ಏಳುವುದು ಖಂಡಿತ.

ಮಳೆಗಾಲದ ಪಾಚಿಯನ್ನು ಬ್ರಷ್ ಹಾಕಿ ತಿಕ್ಕಿ ತೆಗೆಯಿರಿ. ಬ್ಲೀಚಿಂಗ್ ಪುಡಿಯ ವಾಸನೆ ವಾರ್ಡಿನೊಳಗೆ ಹೋದರೆ ವಾಂತಿ ಶುರುವಾಗುತ್ತದೆ.

ಪ್ರಶ್ನೆ: ಕಿಟಕಿಗಳ ಸಾಲಿಗೆ ಸುಗಂಧರಾಜ, ರಾತ್ರಿರಾಣಿ, ಸಂಪಿಗೆ ಹಾಕಬೇಕೆಂದಿದ್ದೇವೆ. ಆಸ್ಪತ್ರೆ ವಾಸನೆ ಹೋಗಿ ಘಮಘಮ ಎನ್ನಲಿ ಎಂಬ ಆಸೆ. (ಮೈಸೂರು)

ಆಸೆ ಒಳ್ಳೆಯದು, ಈ ಮೂರು ಗಿಡ ಮಾತ್ರ ಆ ಜಾಗಕ್ಕೆ ಬೇಡ. ಕಿಮೋಥೆರಪಿ ಪಡೆದವರಿಗೆ, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಔಷಧಿ ಶುರುವಾದ ಮೊದಲ ದಿನಗಳಲ್ಲಿರುವವರಿಗೆ, ಯಕೃತ್ತು ಸೋತವರಿಗೆ ವಾಕರಿಕೆ ಅಂಚಿನಲ್ಲೇ ಇರುತ್ತದೆ. ರಾತ್ರಿರಾಣಿಯ ಘಾಟು ಆರೋಗ್ಯವಂತರಿಗೂ ತಲೆನೋವು ತರಬಲ್ಲದು. ಮಂಚ ಬಿಟ್ಟೇಳಲಾರದವರು ಅದರಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗಬೇಕು? ಕಿಟಕಿ ಮುಚ್ಚಿದರೆ ಸೆಕೆ.

ನಿಯಮ ಇಷ್ಟೇ: ಪರಿಮಳ ಕೇಳಿದವರಿಗೆ ಸಿಗಬೇಕು, ಬೇಡದವರನ್ನು ಅಟ್ಟಿಕೊಂಡು ಹೋಗಬಾರದು. ಸುಮ್ಮನಿದ್ದಾಗ ವಾಸನೆ ಬಿಡದೆ ಎಲೆ ಉಜ್ಜಿದಾಗ ಮಾತ್ರ ಬಿಡುವ ಗಿಡಗಳು ನಮ್ಮಲ್ಲಿ ಬೇಕಾದಷ್ಟಿವೆ. ದೊಡ್ಡಪತ್ರೆ, ತುಳಸಿ, ಕಾಮಕಸ್ತೂರಿ, ಪುದೀನ, ಮರುಗ, ಪಚ್ಚೆತೆನೆ, ಮಜ್ಜಿಗೆಹುಲ್ಲು ಎಲ್ಲವೂ ಆ ಜಾತಿಯವು. ದವನವನ್ನು ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಬಿತ್ತಿದರೆ ಫೆಬ್ರವರಿ ಹೊತ್ತಿಗೆ ಘಮ ಏರುತ್ತದೆ. ಜೋರು ಮಳೆ ಅದಕ್ಕೆ ಆಗದು, ಆದ್ದರಿಂದ ವರ್ಷಪೂರ್ತಿ ಬೇಕೆಂದು ಹಟ ಮಾಡಬೇಡಿ. ದೊಡ್ಡಪತ್ರೆ ಸಾಯುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಮಜ್ಜಿಗೆಹುಲ್ಲಿನ ಎಲೆಯಂಚು ಬ್ಲೇಡಿನಂತಿರುತ್ತದೆ. ದಾರಿಯಿಂದ 60 ಸೆಂಟಿಮೀಟರ್ ಒಳಗೆ ನೆಟ್ಟು, ಎಲೆ ಕತ್ತರಿಸಿ ಮಡಚಿ ಕೈಗೆ ಕೊಡುವ ಕೆಲಸ ಸ್ವಯಂಸೇವಕರದ್ದಾಗಲಿ.

ಮೈಸೂರಿನವರಿಗೆ ಮಲ್ಲಿಗೆ ಬೇಡ ಎನ್ನುವ ಧೈರ್ಯ ನಮಗಿಲ್ಲ. 14 ಇಂಚಿನ ಕುಂಡದಲ್ಲಿ, ಗಾಲಿಯಿರುವ ಮಣೆಯ ಮೇಲೆ ಬೆಳೆಸಿ. ಬೇಕೆಂದವರ ಪಕ್ಕಕ್ಕೆ ತಳ್ಳಿ, ಸಾಕೆಂದಾಗ ಹಿಂದಕ್ಕೆ ಎಳೆಯಿರಿ. ನೆಲದಲ್ಲೇ ನೆಡುವುದಾದರೆ ಕಿಟಕಿಯಿಂದ 6 ಮೀಟರ್ ದೂರ ಇರಲಿ. ಗಾಳಿಯ ದಿಕ್ಕೂ ನೋಡಿ. ಮಳೆಗಾಲದಲ್ಲಿ ಅದು ಪಶ್ಚಿಮ, ನೈಋತ್ಯದಿಂದ, ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಪಾರಿಜಾತ ಒಂದು ನಡುದಾರಿ. ಅದರ ಪರಿಮಳ ಹಗುರ, ಬೆಳಗಾಗುವಷ್ಟರಲ್ಲಿ ಹೂ ಉದುರಿರುತ್ತದೆ. ಒಂದು ಬೊಗಸೆ ಆರಿಸಿ ತಟ್ಟೆಯಲ್ಲಿಟ್ಟರೆ ಎದ್ದು ಬರಲಾರದವರಿಗೂ ಸಿಗುತ್ತದೆ.

ಪ್ರಶ್ನೆ: ಮುಟ್ಟಿ ನೋಡುವ ಗಿಡಗಳಲ್ಲಿ ಮುಟ್ಟಿದರೆ ಮುನಿ ಹಾಕಬಹುದೇ? ಯಾವುದನ್ನು ಹಾಕಲೇಬಾರದು? (ಶಿವಮೊಗ್ಗ)

ಮುಟ್ಟಿದರೆ ಮುನಿಯ ಕಾಂಡದಲ್ಲಿ ಮುಳ್ಳಿದೆ. ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಸಣ್ಣ ಗೀರು ಬಿದ್ದರೂ ರಕ್ತ ಬೇಗ ನಿಲ್ಲದು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ತೋಳು ಊದಿಕೊಂಡವರಿಗೆ ಆ ಕೈಯ ಗೀರು, ಕೀಟದ ಕಡಿತ ಎರಡೂ ಸೋಂಕಿಗೆ ದಾರಿ. ಹಾಗಾಗಿ ಗುಲಾಬಿ, ಕಾಗದದ ಹೂ, ಕಳ್ಳಿ, ಕತ್ತಾಳೆ ಕೈಗೆಟುಕುವ ಕಡೆ ಬೇಡ. ಮುಟ್ಟಿದರೆ ಮುನಿಯನ್ನು ಬಿಡಲು ಮನಸ್ಸಿಲ್ಲದಿದ್ದರೆ ಒಂದು ಸಣ್ಣ ಕುಂಡದಲ್ಲಿಟ್ಟುಕೊಂಡು, ಸ್ವಯಂಸೇವಕರೇ ಕೈಯಲ್ಲಿ ಹಿಡಿದು ತೋರಿಸಿ.

ಮುಟ್ಟಲು ಹಿತವಾದವು: ಮಖಮಲ್ಲಿನಂಥ ಕೋಳಿಜುಟ್ಟು ಹೂ, ರೋಮವಿರುವ ದೊಡ್ಡಪತ್ರೆ, ಬಾಳೆಯ ಎಳೆ ಎಲೆ, ಗರಿಯಂಥ ತೆನೆ ಬಿಡುವ ಅಲಂಕಾರದ ಹುಲ್ಲು. ತೊಳೆದು ಒಣಗಿಸಿದ ಹೊಳೆಗಲ್ಲನ್ನೂ ಒಂದು ಬುಟ್ಟಿಯಲ್ಲಿಡಿ. ತಣ್ಣನೆಯ ಕಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂರುವುದು ಎಷ್ಟೋ ಜನಕ್ಕೆ ಹೂವಿಗಿಂತ ಇಷ್ಟ.

ವಿಷದ ಗಿಡಗಳ ವಿಷಯದಲ್ಲಿ ರಾಜಿ ಬೇಡ. ಕೊನೆಯ ವಾರಗಳಲ್ಲಿ ಮನಸ್ಸು ಗಲಿಬಿಲಿಗೊಂಡವರು ಕೈಗೆ ಸಿಕ್ಕ ಎಲೆ ಬಾಯಿಗಿಡುವುದುಂಟು, ನೋಡಲು ಬಂದ ಮಕ್ಕಳೂ ಅಷ್ಟೆ. ಕೆಂಪು ಹಾಗೂ ಹಳದಿ ಕಣಗಿಲೆ, ಉಮ್ಮತ್ತಿ, ಗುಲಗಂಜಿ, ಮನೆಯೊಳಗೆ ಅಂದಕ್ಕಿಡುವ ಅಗಲ ಎಲೆಯ ಡೈಫೆನ್‌ಬಾಕಿಯಾ ಬೇಡವೇ ಬೇಡ. ಪೂಜೆಗೆ ಬೇಕೆಂದು ಕಣಗಿಲೆ ನೆಡುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ, ಗಟ್ಟಿಯಾಗಿ ಇಲ್ಲ ಎನ್ನಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೈಗವಸು ಹಾಕಿ ಕಿತ್ತುಬಿಡಿ.

ಪ್ರಶ್ನೆ: ಎತ್ತರದ ಮಡಿಗಳ ಅಳತೆ ಮತ್ತು ಮಣ್ಣಿನ ಲೆಕ್ಕ ತಿಳಿಸಿ. (ಹಾಸನ)

ಒಂದು ಬದಿಯಿಂದ ಮಾತ್ರ ಕೈ ಹಾಕುವುದಾದರೆ ಮಡಿಯ ಅಗಲ 60 ಸೆಂಟಿಮೀಟರ್, ಎರಡೂ ಬದಿಯಿಂದಾದರೆ 120. ಗಾಲಿಕುರ್ಚಿಯವರಿಗೆ ಎತ್ತರ 65 ಸೆಂಟಿಮೀಟರ್ ಇರಲಿ. ಮಂಚದ ಪಕ್ಕದ ಮಡಿಯ ಲೆಕ್ಕ ಬೇರೆ. ಗಿಡದ ತುದಿ 80ರಿಂದ 90 ಸೆಂಟಿಮೀಟರ್‌ಗೆ ಬಂದರೆ ಮಲಗಿದವರ ಕೈಗೆ ಸಿಗುತ್ತದೆ. ಅಂದರೆ ಮಡಿ 55, ಗಿಡ 30.

3 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಮಣ್ಣಿನ ಆಳದ ಮಡಿಗೆ 810 ಲೀಟರ್ ಮಿಶ್ರಣ ಬೇಕು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ ಎಂದು ಲೆಕ್ಕ ಹಿಡಿದರೆ ಮಣ್ಣು 405 ಲೀಟರ್, ಉಳಿದೆರಡು 200 ಲೀಟರ್ ಚಿಲ್ಲರೆ. 5 ಕಿಲೋದ ನಾರಿನ ಇಟ್ಟಿಗೆ ನೆನೆದರೆ ಸುಮಾರು 70 ಲೀಟರ್ ಆಗುತ್ತದೆ, ಮೂರು ಸಾಕು. ಅದನ್ನು ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ. ಉಪ್ಪು ಉಳಿದಿದ್ದರೆ ಎಳೆ ಸಸಿಯ ಎಲೆತುದಿ ಸುಟ್ಟಂತಾಗುತ್ತದೆ, ಆಮೇಲೆ ಎಲ್ಲರೂ ನೀರು ಸಾಲದೆಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ತಳದಲ್ಲಿ 50 ಸೆಂಟಿಮೀಟರ್‌ಗೊಂದರಂತೆ 20 ಮಿಲಿಮೀಟರ್ ತೂತು ಬಿಟ್ಟು, ಒಳಗಿನಿಂದ ನೆರಳುಬಲೆಯ ತುಂಡು ಮುಚ್ಚಿ. ಕೆಳಗೆ ಇಟ್ಟಿಗೆ ಚೂರು ತುಂಬುವ ರೂಢಿ ಬಿಡಿ. ನೀರು ಚೂರಿನೊಳಗೆ ಬೇಗ ಇಳಿಯದೆ ಅದರ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಸಿಗುವ ಆಳ ಕಡಿಮೆಯಾಗುತ್ತದೆ. ಮೊದಲ ಮಳೆಗೆ ಮಣ್ಣು ಕುಸಿಯುತ್ತದೆ, ಒಂದೆರಡು ಬುಟ್ಟಿ ಮಿಶ್ರಣ ಎತ್ತಿಟ್ಟಿರಿ.

ನೆನೆದಾಗ ಈ ಮಡಿ ಒಂದು ಟನ್ ತೂಗುತ್ತದೆ. ತಾರಸಿಯ ಮೇಲೆ ಮಾಡುವ ಯೋಚನೆಯಿದ್ದರೆ ಮೊದಲು ಎಂಜಿನಿಯರ್ ನೋಡಲಿ.

ಪ್ರಶ್ನೆ: ನೀರಿನ ಸದ್ದಿಗೆ ಕಾರಂಜಿ ಹಾಕಬಹುದೇ? (ಬೆಂಗಳೂರು)

ಚಿಮ್ಮುವ ಕಾರಂಜಿ, ಮಂಜಿನಂತೆ ನೀರು ಹಾರಿಸುವ ಯಂತ್ರ ಎರಡೂ ಬೇಡ. ಬೆಚ್ಚಗೆ ನಿಂತ ನೀರಿನಲ್ಲಿ ಬೆಳೆಯುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಣ್ಣ ಹನಿಗಳ ಮೂಲಕ ಶ್ವಾಸಕೋಶ ಸೇರುತ್ತದೆ. ಉಕ್ಕಿ ಹರಿಯುವ ನೀರಿಗೆ ಆ ಅಪಾಯ ಬಹಳ ಕಡಿಮೆ. ಹಳೆಯ ಒರಳುಕಲ್ಲಿನ ತಳಕ್ಕೆ ತೂತು ಕೊರೆಸಿ, ಕೆಳಗೆ ಹೂತ 100 ಲೀಟರ್ ತೊಟ್ಟಿಯಿಂದ ಗಂಟೆಗೆ 1000 ಲೀಟರ್ ಎತ್ತುವ ಸಣ್ಣ ಪಂಪಿನಲ್ಲಿ ನೀರು ಏರಿಸಿ. ಅಂಚಿನಿಂದ ಜಿನುಗಿ ಕಲ್ಲಿನ ಮೇಲೆ ಇಳಿದು ತೊಟ್ಟಿಗೇ ಮರಳುತ್ತದೆ. ತೊಟ್ಟಿಗೆ ಸೊಳ್ಳೆಬಲೆ ಹೊದಿಸಿ, ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆಯಿರಿ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರ, ಹತ್ತು ದಿನ ಸಾಕು. ಬೇಸಿಗೆಯಲ್ಲಿ ದಿನವೂ ನೀರು ತುಂಬಿಸದಿದ್ದರೆ ಪಂಪು ಒಣಗಿ ಸುಡುತ್ತದೆ. ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಕೊಳ್ಳುವ ಸ್ವಿಚ್ ಕಡ್ಡಾಯ.

ಆ ಸ್ವಿಚ್ ದಾದಿಯರ ಕೈಗೆಟುಕುವಂತಿರಲಿ. ನೀರಿನ ಸದ್ದು ಕೇಳಿದರೆ ಮೂತ್ರಕ್ಕೆ ಅವಸರವಾಗುವವರಿದ್ದಾರೆ, ಅವರಿಗೆ ಇದು ಹಿಂಸೆ. ಗಾಳಿಗಂಟೆಗೂ ಇದೇ ಮಾತು: ಕಟ್ಟಿ ನಿಲ್ಲಿಸಲು ಬಾರದ ಗಂಟೆ ತೂಗಬೇಡಿ. ಹಕ್ಕಿಗಳ ದನಿ ಬೇಕಾದರೆ ಕಾಳು ಎರಚಬೇಡಿ, ಪಾರಿವಾಳ ಸೇರುತ್ತವೆ. ಅವುಗಳ ಹಿಕ್ಕೆ ಒಣಗಿ ಧೂಳಾದರೆ ರೋಗನಿರೋಧಕ ಶಕ್ತಿ ಕುಂದಿದವರಿಗೆ ಶಿಲೀಂಧ್ರದ ಸೋಂಕು ತರಬಲ್ಲದು. ಕೇಪಳ, ದಾಸವಾಳ ನೆಡಿ, ಸೂರಕ್ಕಿಗಳು ತಾವಾಗಿ ಬರುತ್ತವೆ.

ಇನ್ನೊಂದು ಮಾತು. ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ತೋಟಕ್ಕೆ ಬಿಡುವುದು ಸಂಸ್ಕರಿಸಿದ ಕೊಳಚೆ ನೀರನ್ನು. ರೋಗಿಗಳು ಮುಟ್ಟುವ, ಮೂಸುವ ಗಿಡಕ್ಕೂ ಈ ಒರಳಿಗೂ ಅದು ಸಲ್ಲದು. ದೂರದ ಮರಗಳ ಬುಡಕ್ಕೆ ಹನಿಹನಿಯಾಗಿ ಬಿಡಿ.

ಪ್ರಶ್ನೆ: ತೋಟದ ನಡುವೆ ತುಳಸಿಕಟ್ಟೆ ಇರಲಿ ಎಂದು ಹಲವರು ಕೇಳುತ್ತಿದ್ದಾರೆ. (ಧಾರವಾಡ)

ಕಟ್ಟೆ ಇರಲಿ, ನಡುವೆ ಬೇಡ. ಕಟ್ಟೆ ಇದ್ದಲ್ಲಿ ದೀಪ, ಕರ್ಪೂರ, ಊದುಬತ್ತಿ ಬಂದೇ ಬರುತ್ತವೆ. ಆಮ್ಲಜನಕ ಹಾಕಿಕೊಂಡವರಿಂದ ಬೆಂಕಿ ಕನಿಷ್ಠ 3 ಮೀಟರ್ ದೂರ ಇರಬೇಕು. ಹೊದಿಕೆ, ಬಟ್ಟೆಯಲ್ಲಿ ಆಮ್ಲಜನಕ ಹಿಡಿದಿರುವುದರಿಂದ ಕೊಳವೆ ತೆಗೆದ ಮೇಲೂ ಸ್ವಲ್ಪ ಹೊತ್ತು ಅಪಾಯ ಉಳಿದಿರುತ್ತದೆ. ಕಟ್ಟೆಯನ್ನು ಮಂಚದ ಅಂಗಳದಿಂದ ದೂರ, ಕಾಂಪೌಂಡಿನ ಬದಿಗೆ ಕಟ್ಟಿ. ಸಂಜೆ ದೀಪದ ಹೊತ್ತನ್ನು ದಾದಿಯರಿಗೆ ಮೊದಲೇ ತಿಳಿಸಿ. ಊದುಬತ್ತಿಯ ಹೊಗೆ ಉಸಿರಾಟದ ತೊಂದರೆ ಇರುವವರಿಗೆ ಹೇಗೂ ಆಗದು. ತೋಟ ಎಲ್ಲ ಧರ್ಮದವರದ್ದು, ಹಾಗಾಗಿ ನಡುವಿನ ಜಾಗವನ್ನು ಯಾವ ಗುರುತೂ ಇಲ್ಲದೆ ಬಿಡುವುದು ವಾಸಿ.

ಪ್ರಶ್ನೆ: ಮಣ್ಣಿನಲ್ಲಿ ಕೈಯಾಡಿಸಬೇಕೆಂದು ಹಿರಿಯರೊಬ್ಬರು ಹಂಬಲಿಸುತ್ತಾರೆ, ರೈತರಾಗಿದ್ದವರು. ಬಿಡಬಹುದೇ? (ಉಡುಪಿ)

ದಾದಿಯನ್ನು ಕೇಳಿ. ಬಿಳಿರಕ್ತಕಣ ತೀರಾ ಇಳಿದಿದ್ದರೆ, ಕೈಯಲ್ಲಿ ತೆರೆದ ಗಾಯವಿದ್ದರೆ ಗೊಬ್ಬರ ಮಣ್ಣು ಬೇಡ, ಅದರಲ್ಲಿ ಶಿಲೀಂಧ್ರದ ಬೀಜಕಗಳಿರುತ್ತವೆ. ಬೇರೇನೂ ತೊಡಕಿಲ್ಲದಿದ್ದರೆ ಕೈಗವಸು ಹಾಕಿಸಿ, ಮಣ್ಣನ್ನು ಒದ್ದೆ ಮಾಡಿ ಕೊಡಿ. ಒಣ ಗೊಬ್ಬರದ ಧೂಳೇ ಹೆಚ್ಚು ಅಪಾಯ. ಗೊಬ್ಬರ ಮಗುಚುವ ಕೆಲಸವನ್ನು ಮಂಚ ಹೊರಗಿಲ್ಲದ ಹೊತ್ತಿನಲ್ಲಿ, ದೂರದ ಮೂಲೆಯಲ್ಲಿ ಮಾಡಿ.

ಇಲ್ಲಿ ಸಮಯದ ಮಾತೂ ಇದೆ. ಒಬ್ಬರು ಹಾಸ್ಪೈಸ್‌ನಲ್ಲಿರುವುದು ಬಹಳ ಸಲ ಕೆಲವೇ ವಾರ. ಮಾವಿನ ಸಸಿ ನೆಡಿಸಿ ಫೋಟೋ ತೆಗೆಯುವುದರಲ್ಲಿ ಅವರಿಗೇನೂ ಸಿಗದು. ಮೆಂತ್ಯ ಬಿತ್ತಿಸಿ. ರಾತ್ರಿ ನೆನೆಸಿ ಒದ್ದೆ ಮರಳಿನಲ್ಲಿ ಹರವಿದರೆ ಮೂರು ನಾಲ್ಕು ದಿನಕ್ಕೆ ಮೊಳಕೆ ತಲೆ ಎತ್ತುತ್ತದೆ. ತಟ್ಟೆಯನ್ನು ಅವರ ಕಿಟಕಿಯಲ್ಲೇ ಇಡಿ. ಹಸಿಯಾಗಿ ತಿನ್ನಲು ಮಾತ್ರ ಕೊಡಬೇಡಿ.

ನಿಮ್ಮದು ಕರಾವಳಿ, ಆದ್ದರಿಂದ ಸ್ವಯಂಸೇವಕರ ಬಗ್ಗೆಯೂ ಹೇಳಬೇಕು. ಮಳೆಗಾಲದಲ್ಲಿ ಕೆಸರು ಮಣ್ಣಿನಿಂದ ಹತ್ತುವ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ನಿಮ್ಮ ಕಡೆ ವರದಿಯಾಗುತ್ತಲೇ ಇರುತ್ತದೆ, ಮಧುಮೇಹಿಗಳಿಗೆ ಹೆಚ್ಚು ಅಪಾಯ. ಇಲಿಜ್ವರವೂ ಇದೆ. ಮಧುಮೇಹ ಇರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಗೆಯುವ ಕೆಲಸ ಬಿಟ್ಟು ಬೇರೆ ಮಾಡಲಿ, ಉಳಿದವರು ಗಂಬೂಟು ಹಾಕಲಿ. ಧನುರ್ವಾಯು ಚುಚ್ಚುಮದ್ದು ಹತ್ತು ವರ್ಷದೊಳಗೆ ಆಗಿರಬೇಕು. ಎಲೆಗಿಡಗಳನ್ನೂ ಜುಲೈಯಲ್ಲಿ ನೆಟ್ಟರೆ ಕೊಳೆಯುತ್ತವೆ, ಸೆಪ್ಟೆಂಬರ್‌ವರೆಗೆ ಕಾಯಿರಿ.

ಪ್ರಶ್ನೆ: ಹೊರಗೆ ಬರಲಾಗದವರಿಗೆ ಏನು ಮಾಡುವುದು? ಕಿಟಕಿಯ ನೋಟದಿಂದ ನಿಜಕ್ಕೂ ಪ್ರಯೋಜನವಿದೆಯೇ? (ಮಂಗಳೂರು)

ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಮರ ಕಾಣುವ ಕಿಟಕಿ ಸಿಕ್ಕ 23 ಜನ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಜನರಿಗಿಂತ ಬೇಗ ಮನೆಗೆ ಹೋದರು, ತೀವ್ರ ನೋವುನಿವಾರಕ ಕಡಿಮೆ ತೆಗೆದುಕೊಂಡರು. ಆದರೆ ಅವರು ಗುಣವಾಗುತ್ತಿದ್ದವರು. ಗಿಡ ನೋಡಿದರೆ ಮಾರ್ಫಿನ್ ಇಳಿಸಬಹುದು ಎಂದು ಇದರಿಂದ ಯಾರೂ ಹೇಳಬಾರದು. ಮಲಗಿದ ಕಣ್ಣಿನ ಎತ್ತರಕ್ಕೆ ಕಿಟಕಿಯಾಚೆ ಹಸಿರಿದ್ದರೆ ಹಗಲು ಕಳೆಯುವುದು ಹಗುರ ಎಂಬಷ್ಟಕ್ಕೆ ಆ ಅಧ್ಯಯನ ಬೇಕಾಗಿಯೂ ಇಲ್ಲ.

ಕೋಣೆಗೆ ಒಯ್ಯಲು ಒಂದು ತಟ್ಟೆ ಸಿದ್ಧಮಾಡಿ. ಬೆಳಿಗ್ಗೆ ಕೊಯ್ದು ತೊಳೆದ ಮೂರು ಬಗೆಯ ಎಲೆ, ಒಂದು ಹೂ, ಒಂದು ಕಲ್ಲು ಸಾಕು. ಒಂದೊಂದಾಗಿ, ಕೇಳಿ ಕೊಡಿ. ಕಣ್ಣು ಮುಚ್ಚಿ ಮಲಗಿದವರಿಗೂ ಕೇಳಿಸುತ್ತಿರಬಹುದು. ಕೈಗೆ ಇಡುವ ಮುನ್ನ ಏನೆಂದು ಹೇಳಿ. ಹೂದಾನಿ ನೀರು ದಿನವೂ ಬದಲಾಗಲಿ.

ಪ್ರಶ್ನೆ: ಒಂದು ಕಂಪನಿಯ ನಲವತ್ತು ಉದ್ಯೋಗಿಗಳು ಮಾರ್ಚ್‌ನ ಒಂದು ಶನಿವಾರ ಬಂದು 200 ಸಸಿ ನೆಡುತ್ತೇವೆ ಎನ್ನುತ್ತಿದ್ದಾರೆ. (ಬೆಂಗಳೂರು)

ಮಾರ್ಚ್‌ನಲ್ಲಿ ನೆಟ್ಟ 200 ಸಸಿಗೆ ಏಪ್ರಿಲ್‌ನಲ್ಲಿ ನೀರು ಹಾಕುವವರು ಯಾರು? ಒಣಗಿದ ಸಸಿಗಳ ಸಾಲನ್ನು ದಿನವೂ ನೋಡಬೇಕಾದವರು ರೋಗಿಗಳು. ಶನಿವಾರ ಬರಲಿ, ಆದರೆ ಮಡಿ ಕಟ್ಟಲಿ, ಮಣ್ಣು ಬೆರೆಸಲಿ, ಕೊಳವೆ ಎಳೆಯಲಿ. ಅದೂ ಹತ್ತು ಹತ್ತು ಜನರ ತಂಡವಾಗಿ, ವಾರ್ಡಿನ ಪಕ್ಕದಲ್ಲಿ ಗದ್ದಲವಿಲ್ಲದೆ. ರೋಗಿಗಳಿರುವ ಫೋಟೋ ತೆಗೆಯುವಂತಿಲ್ಲ ಎಂಬುದನ್ನು ಮೊದಲೇ ಬರೆದುಕೊಡಿ. ನೆಡುವುದು ಜೂನ್‌ನಲ್ಲಿ, ನಾಲ್ಕು ಮಳೆ ಬಿದ್ದ ಮೇಲೆ, 40 ಗಿಡ ಮಾತ್ರ.

ಗಂಟೆಗೆ 4 ಲೀಟರ್ ಹನಿಸುವ ನಲ್ಲಿ ಗಿಡಕ್ಕೊಂದು ಇದ್ದರೆ 45 ನಿಮಿಷಕ್ಕೆ ಪ್ರತಿ ಗಿಡಕ್ಕೆ 3 ಲೀಟರ್, ಒಟ್ಟು 120 ಲೀಟರ್. ಏಪ್ರಿಲ್‌ನಲ್ಲಿ ಎರಡು ಹೊತ್ತು ಬೇಕು. 500 ಲೀಟರ್ ತೊಟ್ಟಿ ಇಟ್ಟರೆ ಒಂದು ದಿನ ನೀರು ಬಾರದಿದ್ದರೂ ನಡೆಯುತ್ತದೆ. ತೂತು ಕಟ್ಟಿಕೊಳ್ಳುವುದು ಸಾಮಾನ್ಯ, ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಸರದಿಯಲ್ಲಿ ದಿನಕ್ಕೆ ಇಬ್ಬರಂತೆ, ಮುಕ್ಕಾಲು ಗಂಟೆ. ಒಬ್ಬರನ್ನೇ ಹಾಕಿದರೆ ಅವರಿಗೆ ಜ್ವರ ಬಂದ ದಿನ ತೋಟಕ್ಕೆ ರಜೆ.

ಪ್ರಶ್ನೆ: ತೀರಿಕೊಂಡವರ ಹೆಸರಿನ ಫಲಕದೊಂದಿಗೆ ಒಂದೊಂದು ಗಿಡ ನೆಡಬಹುದೇ? (ದಾವಣಗೆರೆ)

ರೋಗಿಗಳು ಓಡಾಡುವ ತೋಟದಲ್ಲಿ ಬೇಡ. ಮಂಚದ ಮೇಲಿರುವವರು ಹೆಸರುಗಳನ್ನು ಓದುತ್ತಾರೆ, ಎಣಿಸುತ್ತಾರೆ. ಗಿಡ ಒಣಗಿದರೆ ಆ ಮನೆಯವರಿಗೆ ಇನ್ನೊಂದು ನೋವು. ಸ್ಮರಣೆಗೆ ಮುಂಬಾಗಿಲ ಕಡೆ ಬೇರೆ ಜಾಗ ಕೊಡಿ, ಅಥವಾ ಕಚೇರಿಯಲ್ಲಿ ಒಂದು ಪುಸ್ತಕವಿಡಿ.

ಪ್ರಶ್ನೆ: ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ. ಬೇವಿನೆಣ್ಣೆ ಹೊಡೆಯಲೇ? ನುಗ್ಗೆ ಮರವೂ ಇದೆ. (ಕಲಬುರಗಿ)

ಬೇವಿನೆಣ್ಣೆಯ ವಾಸನೆಗೇ ವಾಕರಿಕೆ ಬರುತ್ತದೆ. ಹೆಚ್ಚು ಹತ್ತಿದ ರೆಂಬೆ ಕತ್ತರಿಸಿ, ಉಳಿದದ್ದಕ್ಕೆ ಜೋರಾಗಿ ನೀರು ಹಾಯಿಸಿ. ಆಮೇಲೆ ಲೀಟರಿಗೆ 5 ಮಿಲಿಲೀಟರ್ ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಿ, ಐದು ದಿನ ಬಿಟ್ಟು ಮತ್ತೊಮ್ಮೆ. ನಿಮ್ಮ ಬಿಸಿಲಿಗೆ ಸೋಪು ಎಲೆ ಸುಡಬಲ್ಲದು, ಬೆಳಿಗ್ಗೆ ಬರೀ ನೀರಿನಿಂದ ತೊಳೆದುಬಿಡಿ. ಇರುವೆಗಳು ತಿಗಣೆಯನ್ನು ಹೊತ್ತು ತರುತ್ತವೆ, ಬುಡಕ್ಕೆ ಗ್ರೀಸ್ ಪಟ್ಟಿ ಸುತ್ತಿ. ನುಗ್ಗೆಗೆ ಮಳೆಗಾಲದಲ್ಲಿ ಕಂಬಳಿಹುಳು ಮುತ್ತುತ್ತವೆ, ರೋಮ ತಾಗಿದರೆ ಮೈಯೆಲ್ಲ ದದ್ದು. ಅದರ ಕೆಳಗೆ ಮಂಚ ನಿಲ್ಲಿಸಬೇಡಿ. ಅಂಗಳಕ್ಕೆ ಬೇರೆ ಜಾಗವೇ ಇಲ್ಲದಿದ್ದರೆ ಮರವನ್ನು ಕಡಿಸುವುದೇ ಸರಿ.